ಪೆಟ್ರೋಲ್ ಜನರೇಟರ್‌ನಿಂದ ವಿದ್ಯುತ್ ಉಪಕರಣ ನಡೆಸುವಾಗ ವಹಿಸಬೇಕಾದ ಎಚ್ಚರಿಕೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಎಷ್ಟೋ ಹೊಲಗಳು ವಿದ್ಯುತ್ ಕಂಬದಿಂದ ದೂರದಲ್ಲಿವೆ. ಶೆಡ್ಡಿನ ಕಬ್ಬಿಣ ಕೊಯ್ಯಲು, ಕೂರಿಗೆ-ಕುಂಟೆಗಳ ದುರಸ್ತಿಗೆ ತೂತು ಕೊರೆಯಲು, ಮೇವು ಕತ್ತರಿಸಲು ಎತ್ತಿ ಒಯ್ಯಬಹುದಾದ ಸಣ್ಣ ಪೆಟ್ರೋಲ್ ಜನರೇಟರ್ ಅನುಕೂಲವಾದುದು. ಆದರೆ ಕಂಬದಿಂದ ಬರುವ ವಿದ್ಯುತ್ತಿನ ಉಸ್ತುವಾರಿಗೆ ಹೆಸ್ಕಾಂ ಇದೆ. ಜನರೇಟರ್‌ನ ಉಸ್ತುವಾರಿ ಪೂರ್ತಿಯಾಗಿ ನಿಮ್ಮದೇ. ಆದ್ದರಿಂದ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಿರಿ.

1. ಹೊಗೆ: ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿ ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯಬಲ್ಲದು. ಮಳೆ ಬಂದಿತೆಂದು ಜನರೇಟರನ್ನು ಪಡಸಾಲೆ, ದನದ ಕೊಟ್ಟಿಗೆ ಅಥವಾ ಶೆಡ್ಡಿನೊಳಗೆ ಇಡಲೇಬೇಡಿರಿ. ಬಾಗಿಲು ತೆರೆದಿಟ್ಟರೂ ಸಾಲದು. ಬಾಗಿಲು-ಕಿಟಕಿಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ಹೊಗೆ ಮನೆಯ ಕಡೆಗೆ ಬಾರದಂತೆ ಬಯಲಿನಲ್ಲಿಡಿರಿ. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಕೂಡಲೇ ಬಯಲಿಗೆ ಬಂದು 108ಕ್ಕೆ ಕರೆ ಮಾಡಿರಿ.

2. ಭಾರ: ಜನರೇಟರ್‌ನ ಫಲಕದಲ್ಲಿ 2 ಕೆ.ವಿ.ಎ., ಪವರ್ ಫ್ಯಾಕ್ಟರ್ 0.8 ಎಂದಿದ್ದರೆ ಅದು ಕೊಡುವುದು 1,600 ವ್ಯಾಟ್. ಅದರ ಮುಕ್ಕಾಲು ಭಾಗ, ಅಂದರೆ 1,200 ವ್ಯಾಟ್‌ನಷ್ಟು ಮಾತ್ರ ಭಾರ ಹೊರಿಸುವುದು ಒಳ್ಳೆಯದು. 800 ವ್ಯಾಟ್ ಗ್ರೈಂಡರ್ ಸಲೀಸಾಗಿ ನಡೆಯುತ್ತದೆ. ಜೊತೆಗೆ 600 ವ್ಯಾಟ್ ಡ್ರಿಲ್ ಸೇರಿಸಿದರೆ ಭಾರ ಮಿತಿ ಮೀರುತ್ತದೆ. ಮೇವು ಕತ್ತರಿಸುವ ಯಂತ್ರದ ಮೋಟಾರಿನ ವಿಷಯ ಬೇರೆ. 1 ಎಚ್.ಪಿ. ಎಂದರೆ 746 ವ್ಯಾಟ್ ಎಂದು ಲೆಕ್ಕ ಹಾಕಿ ಮೋಸಹೋಗಬೇಡಿರಿ. ಇಂಥ ಮೋಟಾರು ಹೊರಡುವಾಗ ಸಾಮಾನ್ಯಕ್ಕಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯಬಹುದು. ಆಗ ವೋಲ್ಟೇಜ್ ಕುಸಿದು ಮೋಟಾರಿನ ಸುರುಳಿ ಸುಡುತ್ತದೆ.

3. ವೈರು: ಮೂರು ಎಳೆಯ, ಸುಲಿಯದ, ಗಂಟಿಲ್ಲದ ವೈರನ್ನೇ ಬಳಸಿರಿ. ಸುರುಳಿಯನ್ನು ಪೂರ್ತಿ ಬಿಚ್ಚಿರಿ. ಸುತ್ತಿದಂತೆಯೇ ಬಿಟ್ಟರೆ ಕಾಯುತ್ತದೆ. ಒದ್ದೆ ನೆಲದಲ್ಲಿ, ಒದ್ದೆ ಕೈಯಲ್ಲಿ ಉಪಕರಣ ಹಿಡಿಯಬಾರದು. ಅರ್ಥಿಂಗನ್ನೂ ಷಾಕ್ ತಡೆಯುವ ಸ್ವಿಚ್ಚನ್ನೂ ಕೈಪಿಡಿಯಲ್ಲಿ ಹೇಳಿದಂತೆ ಅನುಭವಸ್ಥ ಎಲೆಕ್ಟ್ರಿಷಿಯನ್‌ನಿಂದ ಜೋಡಿಸಿ ಪರೀಕ್ಷಿಸಿಕೊಳ್ಳಿರಿ. ಜೋಡಣೆ ಸರಿಯಿಲ್ಲದಿದ್ದರೆ ಆ ಸ್ವಿಚ್ಚು ಇದ್ದೂ ಇಲ್ಲದಂತೆ.

4. ಮನೆಯ ವೈರಿಂಗ್: ಜನರೇಟರ್‌ನ ವೈರನ್ನು ಮನೆಯ ಸಾಕೆಟ್ಟಿಗೆ ಎಂದೂ ಚುಚ್ಚಬೇಡಿರಿ. ಆ ವಿದ್ಯುತ್ ಹಿಮ್ಮುಖವಾಗಿ ಕಂಬಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್‌ಗೆ ಏರಬಲ್ಲದು. ಕರೆಂಟ್ ಇಲ್ಲವೆಂದು ನಂಬಿ ತಂತಿ ಮುಟ್ಟಿದ ಲೈನ್‌ಮನ್ ಅದಕ್ಕೆ ಬಲಿಯಾಗಬಹುದು. ಅವನೂ ನಮ್ಮಂಥ ಸಂಸಾರವಂದಿಗನೇ. ಮನೆಗೆ ವಿದ್ಯುತ್ ಕೊಡಲೇಬೇಕಾದರೆ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದಲೇ ಹಾಕಿಸಿರಿ.

5. ಪೆಟ್ರೋಲ್: ಎಂಜಿನ್ ನಿಲ್ಲಿಸಿ, ಕನಿಷ್ಠ ಕಾಲು ತಾಸು ಆರಲು ಬಿಟ್ಟು ಪೆಟ್ರೋಲ್ ತುಂಬಿರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ನೆಲದ ಮೇಲೆ ಹರಿದು ದೂರದ ಬೀಡಿಯ ಕಿಡಿಗೂ ಹೊತ್ತಿಕೊಳ್ಳುತ್ತದೆ. ಗ್ರೈಂಡರ್‌ನ ಕಿಡಿ ಹಾರುವಲ್ಲಿ ಪೆಟ್ರೋಲ್ ಡಬ್ಬಿಯಾಗಲಿ, ಮೇವಿನ ಬಣವೆಯಾಗಲಿ ಇರಕೂಡದು.

ಕೆಲಸದ ಕ್ರಮ: ಮೊದಲು ಬರೀ ಜನರೇಟರ್ ಹಚ್ಚಿರಿ. ಎರಡು-ಮೂರು ನಿಮಿಷ ಓಡಿದ ಮೇಲೆ ಉಪಕರಣ ಜೋಡಿಸಿರಿ. ನಿಲ್ಲಿಸುವಾಗ ಮೊದಲು ಉಪಕರಣ, ನಂತರ ಜನರೇಟರ್. ಈ ಕ್ರಮವನ್ನು ಮನೆಯ ಮಕ್ಕಳಿಗೂ ಆಳುಗಳಿಗೂ ಕಲಿಸಿರಿ. ನೀವು ಹೊಲದಲ್ಲಿ ಇಲ್ಲದ ದಿನ ಜನರೇಟರ್ ಹಚ್ಚುವವರು ಅವರೇ.