ಹಳೆಯ ಓಮ್ನಿ: ದೋಷಪತ್ತೆಯ ಕ್ರಮ ಮತ್ತು ಲೆಕ್ಕ

1984ರಲ್ಲಿ ಮಾರುತಿ ವ್ಯಾನ್ ಎಂದು ಮಾರುಕಟ್ಟೆಗೆ ಬಂದು, ಬಳಿಕ ಓಮ್ನಿ ಎಂಬ ಹೆಸರು ಪಡೆದ ವಾಹನದ ಉತ್ಪಾದನೆ 2019ರಲ್ಲಿ ನಿಂತಿತು. ಹಳೆಯ ಗಾಡಿಯನ್ನೇ ನೆಚ್ಚಿದ ವರ್ತಕರಿಗೆ, ಅದು ಒಂದು ದಿನ ನಿಂತರೆ ರಿಪೇರಿ ಬಿಲ್ಲಿನೊಡನೆ ಆ ದಿನದ ವ್ಯಾಪಾರವೂ ನಷ್ಟ. ಆದುದರಿಂದ ಬಿಡಿಭಾಗ ಬದಲಿಸುವ ಮುನ್ನ ದೋಷದ ಮೂಲವನ್ನು ಅರಿಯತಕ್ಕದ್ದು.

1. ಇಂಜಿನ್ ಅತಿಯಾಗಿ ಕಾಯುವುದು: ಇದರ 796 ಸಿ.ಸಿ. ಇಂಜಿನ್ ಮುಂದಿನ ಆಸನಗಳ ಕೆಳಗಿರುವುದರಿಂದ ಸೋರಿಕೆ ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಉಷ್ಣಮಾಪಕದ ಮುಳ್ಳು ಏರಿದೊಡನೆ ಗಾಡಿಯನ್ನು ನಿಲ್ಲಿಸಬೇಕು. ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆರೆದು, ಕೂಲೆಂಟ್ ಮಟ್ಟ, ಹೋಸ್ ಪೈಪು, ಫ್ಯಾನಿನ ಫ್ಯೂಸು, ಥರ್ಮೋಸ್ಟಾಟ್ ಇವುಗಳನ್ನು ಕ್ರಮವಾಗಿ ಪರೀಕ್ಷಿಸಬೇಕು. ಹೊರಗೆ ಸೋರದೆಯೂ ಕೂಲೆಂಟ್ ಇಳಿಯುತ್ತಿದ್ದು, ಇಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವ ಹೆಚ್ಚು. ಆ ಸ್ಥಿತಿಯಲ್ಲಿ ಓಡಿಸಿದರೆ ಗ್ಯಾಸ್ಕೆಟ್ಟಿನ ಖರ್ಚು ಇಂಜಿನ್ನಿನ ಖರ್ಚಾಗಿ ಬೆಳೆಯುತ್ತದೆ.

2. ಸ್ಟಾರ್ಟ್ ಆಗದಿರುವುದು: ಹೆಡ್‌ಲೈಟ್ ಹೊತ್ತಿಸಿ ಕೀ ತಿರುಗಿಸಿದಾಗ ಬೆಳಕು ತೀರಾ ಕುಗ್ಗಿದರೆ ಮೊದಲು ಬ್ಯಾಟರಿ ಹಾಗೂ ಟರ್ಮಿನಲ್‌ಗಳನ್ನು ನೋಡಬೇಕು. ಬೆಳಕು ಕುಗ್ಗದೆ ‘ಟಕ್’ ಎಂಬ ಸದ್ದಷ್ಟೇ ಬಂದರೆ ಸ್ಟಾರ್ಟರನ್ನು ಶಂಕಿಸಬಹುದು.

3. ಬ್ರೇಕ್: ಪೆಡಲ್ ಆಳಕ್ಕಿಳಿದರೆ ದುರಸ್ತಿಯಾಗುವವರೆಗೆ ಗಾಡಿಯನ್ನು ರಸ್ತೆಗಿಳಿಸಕೂಡದು. ಇಲ್ಲಿ ಮಿತವ್ಯಯಕ್ಕೆ ಎಡೆಯಿಲ್ಲ.

ರಿಪೇರಿ ಪುಸ್ತಕ: ದಿನಾಂಕ, ಓಡಿದ ಕಿಲೋಮೀಟರ್, ದೋಷ, ಬದಲಿಸಿದ ಭಾಗ, ವೆಚ್ಚ ಇವಿಷ್ಟನ್ನು ಬರೆದು, ಬಿಲ್ಲುಗಳನ್ನು ಲಗತ್ತಿಸಿಡಬೇಕು. ವ್ಯಾಪಾರಕ್ಕೆ ಬಳಸಿದ ಗಾಡಿಯ ಸಾಮಾನ್ಯ ದುರಸ್ತಿಯು ರೆವಿನ್ಯೂ ವೆಚ್ಚವಾದ್ದರಿಂದ ಅದಕ್ಕೆ ಈ ದಾಖಲೆಯೇ ಆಧಾರ. ಒಂದೇ ದೋಷ ಮತ್ತೆ ಮತ್ತೆ ಪುಸ್ತಕಕ್ಕೆ ಬಂದರೆ ಮೂಲ ಕಾರಣ ಇನ್ನೂ ಉಳಿದಿದೆಯೆಂದೇ ಅರ್ಥ. ಗಾಡಿಯನ್ನು ಉಳಿಸಿಕೊಳ್ಳಬೇಕೇ, ಮಾರಬೇಕೇ ಎಂಬುದನ್ನೂ ಆ ಪುಟಗಳೇ ತಿಳಿಸುತ್ತವೆ.