ಕುಡಿತ ಬಿಟ್ಟವರ ಸಭೆಗೆ ದಾರಿ ಯಾವುದು?

“ಆಸ್ಪತ್ರೆಯಲ್ಲಿದ್ದಷ್ಟು ದಿನ ಚೆನ್ನಾಗಿದ್ದರು ಡಾಕ್ಟ್ರೇ. ಮನೆಗೆ ಬಂದು ಮೂರು ವಾರವಾಗಿತ್ತು, ಮತ್ತೆ ಶುರು ಮಾಡಿಕೊಂಡಿದ್ದಾರೆ.” ಕುಡಿತಕ್ಕೆ ಚಿಕಿತ್ಸೆ ಕೊಡುವ ವೈದ್ಯರೆಲ್ಲ ಈ ಮಾತನ್ನು ಮತ್ತೆ ಮತ್ತೆ ಕೇಳಿರುತ್ತಾರೆ. ಮನೆಗೆ ಕಳಿಸುವ ದಿನ ಸಭೆಯ ವಿಳಾಸ ಬರೆದುಕೊಟ್ಟಿದ್ದೆವಲ್ಲ, ಹೋಗಿದ್ದರೇ ಎಂದು ಕೇಳಿದರೆ ಹೆಂಡತಿ ತಲೆ ತಗ್ಗಿಸುತ್ತಾಳೆ. ಚೀಟಿ ಅಂಗಿಯ ಜೇಬಿನಲ್ಲೇ ಉಳಿದು ಬಟ್ಟೆಯ ಜೊತೆ ಒಗೆದುಹೋಗಿರುತ್ತದೆ. ತಪ್ಪು ಅವಳದಲ್ಲ. ಚೀಟಿ ಕೊಟ್ಟು ಕೈ ತೊಳೆದುಕೊಂಡ ನಮ್ಮದೂ ಅದರಲ್ಲಿ ಪಾಲಿದೆ.

ಮದ್ಯವ್ಯಸನ ಮರುಕಳಿಸುವ ಕಾಯಿಲೆ. ಔಷಧಿ ಕೈನಡುಕವನ್ನು ನಿಲ್ಲಿಸುತ್ತದೆ, ನಿದ್ದೆ ತರಿಸುತ್ತದೆ. ಆದರೆ ಸಂಬಳದ ದಿನ ಸಂಜೆ ಯಾವ ರಸ್ತೆಯಿಂದ ಮನೆಗೆ ಬರಬೇಕು, ಮದುವೆ ಮನೆಯಲ್ಲಿ ಹಳೆಯ ಗೆಳೆಯ ಲೋಟ ನೀಡಿದರೆ ಏನು ಹೇಳಬೇಕು ಎಂಬುದನ್ನು ಕಲಿಸಲು ಅದನ್ನು ಅನುಭವಿಸಿ ಬಂದವರೇ ಬೇಕು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು ಹಾಗೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು, ಇಬ್ಬರೂ ಕುಡಿತದಿಂದ ಬಳಲಿದವರೇ, ಕೂತು ಮಾತನಾಡಿದ್ದರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. ಎ.ಎ. ಎಂದೇ ಪರಿಚಿತವಾದ ಈ ಸಂಘ 1957ರಲ್ಲಿ ಮುಂಬಯಿಗೆ ಬಂತು. 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯು 27 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಕುಡಿತವನ್ನು ಪೂರ್ತಿ ಬಿಟ್ಟಿರಲು ಎ.ಎ. ಮತ್ತು ಅದರತ್ತ ಕೊಂಡೊಯ್ಯುವ ಚಿಕಿತ್ಸೆಗಳು ಇತರ ಮಾನಸಿಕ ಚಿಕಿತ್ಸೆಗಳಿಗೆ ಸರಿಸಮ, ಕೆಲವೆಡೆ ಹೆಚ್ಚು ಪರಿಣಾಮಕಾರಿ ಎಂದು ಅದು ತೋರಿಸಿತು.

ಸಭೆ ಎಂದ ಕೂಡಲೇ ಭಾಷಣ, ಬುದ್ಧಿವಾದ ನೆನಪಾಗಿ ಅನೇಕರು ಹೆದರುತ್ತಾರೆ. ಅಲ್ಲಿ ಅದಾವುದೂ ಇಲ್ಲ. ಶಾಲೆಯ ಕೊಠಡಿಯೋ ಆಸ್ಪತ್ರೆಯ ಕೋಣೆಯೋ ಇರುತ್ತದೆ. ಒಬ್ಬರಾದ ಮೇಲೊಬ್ಬರು ಹೆಸರು ಹೇಳಿ ತಮ್ಮ ಕಥೆ ಹೇಳುತ್ತಾರೆ. ಉಳಿದವರು ಕೇಳುತ್ತಾರೆ. ಮಾತನಾಡಲು ಇಷ್ಟವಿಲ್ಲದವರು ಸುಮ್ಮನೆ ಕೂರಬಹುದು. ಶುಲ್ಕವಿಲ್ಲ, ಕೊನೆಯಲ್ಲಿ ಒಂದು ಚೀಲವೋ ಡಬ್ಬಿಯೋ ಬರುತ್ತದೆ, ಸದಸ್ಯರು ಇಷ್ಟವಿದ್ದಷ್ಟು ಹಾಕುತ್ತಾರೆ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಚರ್ಚಿನ ಆವರಣದಲ್ಲಿ ಸಭೆ ಎಂದರೆ ಹಿಂಜರಿಯುವ ಕುಟುಂಬಗಳಿವೆ. ಅಲ್ಲಿ ಬಳಸುವುದು ಜಾಗವನ್ನಷ್ಟೆ, ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಆದರೆ ದೈವಶಕ್ತಿಯ ಮಾತು, ಪ್ರಾರ್ಥನೆ ಇರುತ್ತವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಸ್ತಿಕರೂ ಅಲ್ಲಿದ್ದಾರೆ.

ಹುಡುಕುವುದು ಎಲ್ಲಿ? ಚಿಕಿತ್ಸೆ ಪಡೆದ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗದಲ್ಲೂ ವಿಚಾರಿಸಬಹುದು. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಟೆಲಿ ಮನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಎರಡೂ ಉಚಿತ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ‘ನವಜೀವನ ಸಮಿತಿ’ಗಳಲ್ಲಿ ಸೇರುತ್ತಾರೆ. ಎ.ಎ. ಸಭೆ ಇಲ್ಲದ ಹಳ್ಳಿಗಳಲ್ಲಿ ಇದನ್ನು ವಿಚಾರಿಸಿ ನೋಡಿ.

ವಿಳಾಸ ಸಿಕ್ಕ ಕೂಡಲೇ ಬಸ್ಸು ಹತ್ತಬೇಡಿ. ಸಭೆಯ ದಿನ, ಜಾಗ ಬದಲಾಗುತ್ತಿರುತ್ತವೆ. ಫೋನು ಮಾಡಿ, ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಕೇಳಿ. ಕನ್ನಡ ಬಿಟ್ಟು ಬೇರೆ ಬಾರದವನನ್ನು ಇಂಗ್ಲಿಷ್ ಸಭೆಗೆ ಕಳಿಸಿದರೆ ಅವನು ಇನ್ನೊಮ್ಮೆ ಹೋಗುವುದಿಲ್ಲ. ‘ತೆರೆದ’ ಸಭೆಯೋ ‘ಮುಚ್ಚಿದ’ ಸಭೆಯೋ ಎಂದೂ ಕೇಳಿ. ಮುಚ್ಚಿದ್ದು ಕುಡಿತ ಬಿಡಬಯಸುವವರಿಗೆ ಮಾತ್ರ. ತೆರೆದದ್ದಕ್ಕೆ ಮನೆಯವರೂ ಹೋಗಬಹುದು. ಸಾಧ್ಯವಾದರೆ ಸದಸ್ಯರೊಬ್ಬರು ಆಸ್ಪತ್ರೆಗೇ ಬಂದು ಪರಿಚಯ ಮಾಡಿಕೊಳ್ಳಲಿ. ಗೊತ್ತಿರುವ ಒಂದು ಮುಖ ಬಾಗಿಲಲ್ಲಿ ಕಾಯುತ್ತಿದ್ದರೆ ಚೀಟಿ ಜೇಬಿನಲ್ಲಿ ಉಳಿಯುವುದಿಲ್ಲ. ಗಂಡಸರೇ ತುಂಬಿದ ಕೋಣೆಗೆ ಹೋಗಲು ಮುಜುಗರಪಡುವ ಮಹಿಳೆಯರು ಮಹಿಳೆಯರ ಸಭೆಯನ್ನೋ, ಫೋನಿನಲ್ಲಿ ನಡೆಯುವ ವಿಡಿಯೊ ಸಭೆಯನ್ನೋ ಕೇಳಿ ಪಡೆಯಬೇಕು.

ಮೊದಲ ಸಭೆ ಹಿಡಿಸದಿರಬಹುದು. ಒಂದು ಗುಂಪಿನ ಹಾಗೆ ಇನ್ನೊಂದಿರುವುದಿಲ್ಲ. ನಾಲ್ಕೈದು ಸಭೆಗಳನ್ನಾದರೂ ನೋಡದೆ ತೀರ್ಮಾನಿಸಬಾರದೆಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ದಿನವೂ ಬೆಳಿಗ್ಗೆಯಿಂದಲೇ ಕುಡಿಯುವವರು ಸಭೆಗೆ ಹೋಗಬೇಕೆಂಬ ಹುಮ್ಮಸ್ಸಿನಲ್ಲಿ ಏಕಾಏಕಿ ನಿಲ್ಲಿಸಬಾರದು. ಒಂದು ದಿನದೊಳಗೆ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ನಂತರ ಭ್ರಮೆ, ದಿಕ್ಕು ತಪ್ಪಿದ ಮಾತು ಕಾಣಿಸಿದರೆ ಪ್ರಾಣಕ್ಕೇ ಅಪಾಯ. ಮೊದಲು ವೈದ್ಯರು, ಆಮೇಲೆ ಸಭೆ.

ಅವರು ಒಪ್ಪುವುದೇ ಇಲ್ಲ, ನಾವೇನು ಮಾಡೋಣ ಎಂದು ಕೇಳುವ ಹೆಂಡತಿಯರು, ತಾಯಂದಿರು ಬಹಳ. ನೀವು ಕಾಯಬೇಕಿಲ್ಲ. ಕುಟುಂಬದವರಿಗಾಗಿಯೇ 1951ರಲ್ಲಿ ಶುರುವಾದ ‘ಅಲ್-ಅನಾನ್’ ಎಂಬ ಸಂಘವಿದೆ. ಅದರ ಸಭೆಗೆ ಬರಲು ಗಂಡನ ಒಪ್ಪಿಗೆಯಾಗಲಿ, ಅವನು ಕುಡಿತ ಬಿಟ್ಟಿರಬೇಕೆಂಬ ಷರತ್ತಾಗಲಿ ಇಲ್ಲ. ಸಾಲಗಾರರಿಗೆ ಸುಳ್ಳು ಹೇಳುವುದನ್ನು, ಅವನ ಆಫೀಸಿಗೆ ‘ಜ್ವರ’ವೆಂದು ಫೋನು ಮಾಡುವುದನ್ನು ನಿಲ್ಲಿಸಲು ಎಷ್ಟೋ ಹೆಂಗಸರು ಕಲಿತಿರುವುದು ಇಂಥ ಕೋಣೆಗಳಲ್ಲೇ. ಈ ವಾರ ಮನೆಯಿಂದ ಹೊರಡುವ ಮೊದಲ ವ್ಯಕ್ತಿ ನೀವೇ ಆಗಬಹುದು.