ಕಣ್ಣಿಗೂ ಬೇಕು ಸರ್ವಿಸಿಂಗ್

ಬೈಕ್ ಮೂರು ಸಾವಿರ ಕಿಲೋಮೀಟರ್ ಓಡಿದ ಕೂಡಲೇ ಸರ್ವಿಸಿಂಗಿಗೆ ಬಿಡ್ತೀವಿ. ಆದರೆ ಇಪ್ಪತ್ತು ವರ್ಷ ಓಡಿದ ಕಣ್ಣನ್ನು ಒಮ್ಮೆಯೂ ಡಾಕ್ಟರಿಗೆ ತೋರಿಸದವರು ನಮ್ಮ ಕ್ಲಾಸಿನಲ್ಲೇ ಎಷ್ಟು ಜನ? ಹೋದ ವರ್ಷದವರೆಗೆ ನಾನೂ ಅವರಲ್ಲೊಬ್ಬ.

ನಮ್ಮೂರು ರೋಣ. ಉಳ್ಳಾಗಡ್ಡಿ ಚೀಲ ಹೇರುವಾಗ ಮುತ್ಯಾ ಎಡಗಡೆ ನಿಂತಿದ್ದ ಚಕ್ಕಡಿಗೆ ಎರಡು ಸಲ ಹಾಯ್ದರು. "ಕಣ್ಣು ತೋರ್ಸೂಣು ಬರ್ರಿ" ಅಂದರೆ, "ಪೊರಿ ಬಂದಿರಬೇಕಪಾ, ಸುಗ್ಗಿ ಮುಗದ ಮ್ಯಾಲೆ ತಗಿಸಿದ್ರಾತು" ಅಂದರು. ಸುಗ್ಗಿ ಮುಗಿಸಿ ಹುಬ್ಬಳ್ಳಿಗೆ ಹೋದಾಗ ಗೊತ್ತಾಯಿತು: ಅದು ಪೊರೆಯಲ್ಲ, ಗ್ಲಾಕೋಮಾ. ಎಡಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು, ಮರಳಿ ಬರುವಂತಿರಲಿಲ್ಲ.

ಮುತ್ಯಾನ ನಂಬಿಕೆಗೆ ಕಾರಣವಿದೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಬೀಳಗಿಯವರಾದ ಡಾ. ಎಂ. ಸಿ. ಮೋದಿ ಊರೂರು ತಿರುಗಿ, ಉಚಿತ ಶಿಬಿರಗಳಲ್ಲಿ ಸಾವಿರಾರು ಜನರ ಪೊರೆ ತೆಗೆದರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಅವರನ್ನು ಜನ 'ಕಣ್ಣು ಕೊಟ್ಟ ಅಣ್ಣ' ಎಂದರು. ಹೋದ ಕಣ್ಣು ಮತ್ತೆ ಬರುತ್ತದೆ ಎಂಬ ಧೈರ್ಯ ಹಳ್ಳಿಗಳಲ್ಲಿ ಬೆಳೆದದ್ದು ಹೀಗೆ. ಪೊರೆಯ ಮಟ್ಟಿಗೆ ಅದು ನಿಜ.

ವ್ಯತ್ಯಾಸ ಎಲ್ಲಿದೆ?

ಕ್ಯಾಮೆರಾ ಲೆನ್ಸ್ ಮಸುಕಾದರೆ ಬದಲಿಸಬಹುದು. ಪೊರೆ ಅಂದರೆ ಅಷ್ಟೇ, ಒಳಗಿನ ಲೆನ್ಸ್ ಮಸುಕಾಗುವುದು. ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮಿದುಳಿಗೆ ಹೋಗುವ ಕೇಬಲ್, ಅಂದರೆ ದೃಷ್ಟಿನರ. ಅದಕ್ಕೆ ಬದಲಿ ಇಲ್ಲ. ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಮೊದಲು ಅಂಚಿನ ದೃಷ್ಟಿ ಹೋಗುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಹಾಗಾಗಿ ರೋಗಿಗೇ ಗೊತ್ತಾಗುವುದಿಲ್ಲ.

ಪೂರ್ತಿ ತಪಾಸಣೆ ಅಂದರೇನು?

ಕನ್ನಡಕದಂಗಡಿಯಲ್ಲಿ ನಂಬರ್ ತೆಗೆಸುವುದಷ್ಟೇ ಅಲ್ಲ. ಇದರಲ್ಲಿ ಮುಖ್ಯವಾಗಿ ನಾಲ್ಕು ಹಂತ:

1. ಅಕ್ಷರದ ಚಾರ್ಟ್. 6/12 ಅಂದರೆ, ಸರಿಯಾದ ಕಣ್ಣು 12 ಮೀಟರಿನಿಂದ ಓದುವುದನ್ನು ನೀವು 6 ಮೀಟರಿಗೆ ಬಂದು ಓದುತ್ತೀರಿ.
2. ನಂಬರ್. ಪವರ್ ಅಂದರೆ ಮೀಟರಿನಲ್ಲಿ ಅಳೆದ ಫೋಕಲ್ ಲೆಂತ್‌ನ ವಿಲೋಮ. ನನಗೆ ಮೈನಸ್ 1 ಬಂತು. ಅಂದರೆ ಒಂದು ಮೀಟರ್ ಆಚೆಗಿನದು ಮಸುಕು. ಇಷ್ಟು ದಿನ ಬೋರ್ಡ್ ಕಾಣದಿದ್ದಾಗ ಸರ್ ಕೈಬರಹವನ್ನು ಬೈಯ್ತಿದ್ದೆ!
3. ಕಣ್ಣಿನ ಒತ್ತಡ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ. ಒತ್ತಡ ಸರಿಯಿದ್ದವರಿಗೂ ಗ್ಲಾಕೋಮಾ ಬರಬಹುದು, ಅದಕ್ಕೇ ಮುಂದಿನ ಹಂತ ಬಿಡಬಾರದು.
4. ಹನಿ ಹಾಕಿ ಪಾಪೆ ಹಿಗ್ಗಿಸಿ ಅಕ್ಷಿಪಟಲ ಮತ್ತು ನರ ನೋಡುವುದು. ಆಮೇಲೆ ಕೆಲವು ಗಂಟೆ ಮಸುಕು ಇರುತ್ತದೆ, ಬೈಕ್ ಓಡಿಸಬೇಡಿ.

ಯಾವ ವಯಸ್ಸಿಗೆ ಏನು?

ಮಗುವಿಗೆ ಶಾಲೆ ಸೇರುವ ಮೊದಲೇ ತಪಾಸಣೆ ಬೇಕು. ಒಂದು ಕಣ್ಣು ಮಂದವಿದ್ದರೆ ಮಿದುಳು ಅದನ್ನು ಬಳಸುವುದನ್ನೇ ಬಿಡುತ್ತದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಕೊಟ್ಟರೆ ಫಲ ಹೆಚ್ಚು. "ನನಗೆ ಕಾಣಲ್ಲ" ಅಂತ ಮಗು ಹೇಳುವುದಿಲ್ಲ, ಯಾಕಂದ್ರೆ ಅದಕ್ಕೆ ಬೇರೆ ನೋಟ ಗೊತ್ತೇ ಇಲ್ಲ.

ನಮ್ಮ ವಯಸ್ಸಿನಲ್ಲಿ ಮೈನಸ್ ನಂಬರ್ ಏರಬಹುದು. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ರೈಲ್ವೆ ಲೋಕೋ ಪೈಲಟ್ ಕೆಲಸದ ಕನಸಿದ್ದರೆ ಕನ್ನಡಕವಿಲ್ಲದೆ 6/6 ಬೇಕು, ಬಣ್ಣವೂ ಸರಿಯಾಗಿ ಗುರುತಿಸಬೇಕು. ಇದನ್ನು ಮೆಡಿಕಲ್ ಟೆಸ್ಟಿನ ದಿನ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಲೇಸು.

ನಲವತ್ತರ ಹೊತ್ತಿಗೆ ಓದುವ ಕನ್ನಡಕ ಬರುತ್ತದೆ. ಅದಕ್ಕೇ ಅದು 'ಚಾಳೀಸು'. ಗ್ಲಾಕೋಮಾದ ತಪಾಸಣೆಗೂ ಅದೇ ವಯಸ್ಸು. ಸಕ್ಕರೆ ಕಾಯಿಲೆ ಇದ್ದವರು ಮತ್ತು ಅರವತ್ತು ದಾಟಿದವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಲೇಬೇಕು.

ಗ್ಲಾಕೋಮಾ ಮನೆತನದಲ್ಲಿ ಇಳಿದು ಬರಬಹುದೆಂದು ಡಾಕ್ಟರ್ ಅಪ್ಪನನ್ನೂ ಕೂರಿಸಿ ನೋಡಿದರು. ಒತ್ತಡ ಹೆಚ್ಚಿತ್ತು. ಈಗ ದಿನಾ ರಾತ್ರಿ ಹನಿ ಹಾಕ್ಕೊಳ್ತಾರೆ. ದೃಷ್ಟಿ ಪೂರ್ತಿ ಉಳಿದಿದೆ. ಅಪ್ಪನ ಕಣ್ಣು ಉಳಿದದ್ದು ಮುತ್ಯಾನ ಕಣ್ಣು ಹೋದದ್ದರಿಂದ.

ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ. ಈ ರಜೆಗೆ ಊರಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: "ಕೊನೇ ಸಲ ಕಣ್ಣು ತೋರಿಸಿದ್ದು ಯಾವಾಗ?" ಉತ್ತರ ನೆನಪಾಗದಿದ್ದರೆ, ನೀವೇ ಜೊತೆಗೆ ಹೋಗಿ ಬನ್ನಿ. ಪಕ್ಕದ ಕುರ್ಚಿಯಲ್ಲಿ ಕೂತು ನಿಮ್ಮದನ್ನೂ ತೋರಿಸಿ.